ಪಂಚಶೀಲಾಳ ಕನ್ನಡಕ್ಕೆ ಸಬ್‌ಟೈಟಲ್

ಸುರಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪಂಚಶೀಲಾ ರಜೆಯಲ್ಲಿ ಯಾದಗಿರಿಯ ಆರ್ಕೆಸ್ಟ್ರಾವೊಂದರಲ್ಲಿ ಹಾಡುತ್ತಿದ್ದಳು. ಪಾಪ್ ಬ್ಯಾಂಡಿನ ಕಥೆಯ ಸಿನಿಮಾ ತಂಡವೊಂದು ಬೆಂಗಳೂರಿನಿಂದ ಶಹಾಪುರಕ್ಕೆ ಬಂದಾಗ, ನಾಯಕಿಗೆ ಈ ಕಡೆಯ ಮಾತು ಕಲಿಸುವ ಕೆಲಸ ಅವಳಿಗೆ ಸಿಕ್ಕಿತು. ಕಲಿಸುತ್ತಾ ಕಲಿಸುತ್ತಾ ಮುಖ್ಯ ಹಾಡಿನ ಪಲ್ಲವಿಯನ್ನೇ ತಿದ್ದಿದಳು. ‘ಬರುತ್ತಿದ್ದೇನೆ’ ಎನ್ನಲು ಈ ಕಡೆ ಹೇಳುವ ‘ಬರಾಕತ್ತೇನಿ’ ಎಂಬ ಪದ ಸಂಗೀತ ನಿರ್ದೇಶಕರ ತಾಳಕ್ಕೆ ಕೂರುತ್ತಿರಲಿಲ್ಲ.

“ಪದಾ ಮುರೀಬ್ಯಾಡ್ರಿ. ಅರ್ಧ ಮಾತ್ರಿ ತಡದು ಹಿಡೀರಿ” ಎಂದು ಮೇಜು ಬಡಿದು ತೋರಿಸಿದಳು. ಹಾಡು ಹಾಗೆಯೇ ರೆಕಾರ್ಡಾಯಿತು.

ಆ ಸಿನಿಮಾ ತಯಾರಾದ ಬಗೆಯ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದ ಇನ್ನೊಂದು ತಂಡ ಅವಳ ಮನೆಗೆ ಬಂತು. ಅದರ ನಿರ್ದೇಶಕ, ಎಳೆಯ ವಯಸ್ಸಿನವನು, “ನಮ್ಮ ಚಿತ್ರದಲ್ಲಿ ಎಲ್ಲ ಥರದ ಜನರೂ ಇರಬೇಕು ಮೇಡಂ” ಎಂದ. ಅವಳ ತಾಯಿ ತಿಮ್ಮವ್ವನ ಹಳೆಯ ಸೀರೆ ಉಟ್ಟು, ಹತ್ತಿ ಹೊಲದಲ್ಲಿ ನಿಂತು ಬಾಲ್ಯದ ಕಷ್ಟ ಹೇಳಿ ಎಂದೂ ಕೇಳಿದ.

“ಹತ್ತಿ ಬಿಡಿಸಿದಾಕಿ ನಮ್ಮವ್ವ, ನಾ ಅಲ್ರಿ. ತಾಳದ್ದು ಕೇಳ್ರಿ, ಹೇಳ್ತೀನಿ.”

ಕೊನೆಗೆ ಶಾಲೆಯ ಕಪ್ಪುಹಲಗೆಯ ಮೇಲೆ ಮಾತ್ರೆಗಳನ್ನು ಚುಕ್ಕೆಯಿಟ್ಟು ತೋರಿಸುತ್ತಾ ಮಾತಾಡಿದಳು. ಒಪ್ಪಿಗೆ ಪತ್ರಕ್ಕೆ ಮಾತ್ರ ಸಹಿ ಹಾಕಲಿಲ್ಲ. ಚಿತ್ರ ನೋಡಿದ ಮೇಲೆ ಹಾಕುವೆನೆಂದಳು.

ಆರು ತಿಂಗಳ ನಂತರ ಯಾದಗಿರಿಯ ಸಭಾಭವನವೊಂದರಲ್ಲಿ ಸಾಕ್ಷ್ಯಚಿತ್ರದ ಮೊದಲ ಪ್ರತಿ ತೋರಿಸಿದರು. ಪಕ್ಕದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಗೆಳತಿ ಫರ್ಹೀನ್ ಕೂತಿದ್ದಳು. ಬೆಂಗಳೂರಿನವರು ಕನ್ನಡ ಮಾತಾಡುವಾಗ ಪರದೆಯ ಕೆಳಗೆ ಏನೂ ಇರಲಿಲ್ಲ. ಪಂಚಶೀಲಾ ಬಾಯಿ ತೆರೆದದ್ದೇ ಕೆಳಗೆ ಕನ್ನಡ ಅಕ್ಷರಗಳು ಓಡತೊಡಗಿದವು. ಅವಳು ‘ಬ್ಯಾಡ್ರಿ’ ಎಂದರೆ ಕೆಳಗೆ ‘ಬೇಡಿ’ ಎಂದಿರುತ್ತಿತ್ತು.

“ಕನ್ನಡಕ್ಕ ಕನ್ನಡಾ ಬರದಾರ ನೋಡ!” ಎಂದಳು ಫರ್ಹೀನ್.

ಉಳಿದವರಿಗೆಲ್ಲ ಹೆಸರಿತ್ತು. ಅವಳ ಮುಖದ ಪಕ್ಕದಲ್ಲಿ ‘ಸ್ಥಳೀಯ ದಲಿತ ಗಾಯಕಿ’ ಎಂದಷ್ಟೇ ಇತ್ತು.

ಪಂಚಶೀಲಾ ಎದ್ದು ನಿಂತಳು. “ನಿಲ್ಲಸ್ರಿ.”

ಚಿತ್ರ ನಿಂತಿತು, ದೀಪ ಹತ್ತಿತು.

“ದಲಿತಾಕಿ ಹೌದ್ರಿ, ನನಗೇನ ನಾಚಿಕಿಲ್ಲ. ಆದ್ರ ನಿಮ್ಮ ಸಂಗೀತದವರ ಜಾತಿ ಯಾಕ ಬರದಿಲ್ಲ? ನನಗೂ ಹೆಸರದ. ನನ್ನ ಮಾತಿನ ಕೆಳಗ ಅಕ್ಷರ ಹಾಕೋದಾದ್ರ ನಿಮ್ಮ ಮಾತಿನ ಕೆಳಗೂ ಹಾಕ್ರಿ. ನಿಮ್ಮದೂ ನಮಗ ಅರ್ಧಾ ತಿಳಿಯಂಗಿಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ನಿರ್ದೇಶಕ ಕೆಂಪಾದ. “ಬೇರೆ ಜಿಲ್ಲೆಯವರಿಗೆ ಅರ್ಥ ಆಗ್ಬೇಕಲ್ಲ ಮೇಡಂ. ಇಲ್ಲಾಂದ್ರೆ ನಿಮ್ಮ ಭಾಗವನ್ನೇ ತೆಗೀಬೇಕಾಗುತ್ತೆ.”

“ತಗೀರಿ. ಪಲ್ಲವಿ ತಿದ್ದಿದ್ದು ಯಾರಂತ ಆವಾಗ ಹೆಂಗ ತೋರಸ್ತೀರಿ, ನಾನೂ ನೋಡ್ತೀನಿ.”

ಮೂರು ವಾರ ಯಾವ ಸುದ್ದಿಯೂ ಬರಲಿಲ್ಲ. ಬಂದ ಅವಕಾಶವನ್ನು ಕೈಯಾರೆ ಕಳೆದುಕೊಂಡಳೆಂದು ಬಂಧುಗಳು ಬೈದರು. ತಿಮ್ಮವ್ವ ಮಾತ್ರ, “ಹೆಸರಿಲ್ದಂಗ ನಾ ದುಡದೀನಿ. ನೀ ದುಡೀಬ್ಯಾಡ” ಎಂದಳು.

ನಾಲ್ಕನೆಯ ವಾರ ಹೊಸ ಪ್ರತಿ ಬಂತು. ‘ಪಂಚಶೀಲಾ ಮರಿಲಿಂಗಪ್ಪ, ಪಲ್ಲವಿಯ ತಾಳ ತಿದ್ದಿದವರು’ ಎಂದು ಬರೆದಿದ್ದರು. ಕೆಳಗಿನ ಅಕ್ಷರಗಳು ಹೋಗಿದ್ದವು. ಆದರೆ ಕಪ್ಪುಹಲಗೆಯ ದೃಶ್ಯ ಅರ್ಧಕ್ಕೆ ಇಳಿದಿತ್ತು. ಅವಳು ಮತ್ತೆ ಜಗಳಕ್ಕೆ ನಿಂತಳು. ಉಳಿದರ್ಧವೂ ಸೇರಿದ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು.