ಹಳದಿ ಸಾಲಿನ ಹೆಂಗಸು

ಬಸ್ ನಿಲ್ದಾಣದ ಗೋಡೆಯ ಮೇಲೆ ಅಂಟು ಇನ್ನೂ ಒಣಗದ ಪೋಸ್ಟರನ್ನು ಕಂಡಾಗ ಬಣ್ಣದಕ್ಕನಿಗೆ ಮೊದಲು ಖುಷಿಯೇ ಆಯಿತು. ಅಕ್ಷರ ದಪ್ಪಗಿತ್ತು, ಫೋಟೊ ಕನ್ನಡಿಯ ಹಾಗಿತ್ತು. ಇಷ್ಟು ವರ್ಷ ತಾನು ಕೈಯಾರೆ ಜೋಡಿಸಿದ ಪೋಸ್ಟರುಗಳಲ್ಲಿ ಮುಖಗಳೆಲ್ಲ ಮಸಿ ಮೆತ್ತಿದಂತಿರುತ್ತಿದ್ದವು, ಹೆತ್ತ ತಾಯಿಗೂ ಗುರುತು ಸಿಗದ ಹಾಗೆ. ಹೊಸ ಸಾಫ್ಟ್‌ವೇರ್ ಪರವಾಗಿಲ್ಲವೇ ಅಂದುಕೊಳ್ಳುತ್ತ ಹತ್ತಿರ ಹೋದಳು. ಆಗ ಆ ಮುಖ ಯಾರದೆಂದು ತಿಳಿಯಿತು.

'ಕಾಣೆಯಾಗಿದ್ದಾರೆ. ಕೊನೆಯದಾಗಿ ಕಂಡ ಸ್ಥಳ: ಹಳೇ ಗೋದಾಮಿನ ಹಿಂದೆ, ಚೀಲ ಹೊಲಿಯುವ ಶೆಡ್.' ಅದರ ಕೆಳಗೆ ಆ ಹೆಂಗಸಿನ ಗಂಡನ ಫೋನ್ ನಂಬರು.

ಆ ಶೆಡ್ಡಿನ ವಿಳಾಸವನ್ನು ಟೈಪ್ ಮಾಡಿದ್ದು ಬಣ್ಣದಕ್ಕನದೇ ಬೆರಳು.

ಕಾಣೆಯಾದವರ ವಿಭಾಗವೆಂದರೆ ಸರ್ಕಾರಿ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಕಿರುಗುಡುವ ಫ್ಯಾನು, ಬಾಗಿಲು ಕೂಡದ ಬೀರು ಮತ್ತು ಬಣ್ಣದಕ್ಕ. ತಾತ್ಕಾಲಿಕವಾಗಿ ಸೇರಿದವಳು ತಾತ್ಕಾಲಿಕವಾಗಿಯೇ ತಲೆ ನರೆಸಿಕೊಂಡಿದ್ದಳು. ಸಾಹೇಬರುಗಳು ಬಂದರು, ಹೋದರು. ಇವಳು ಕುರ್ಚಿಯ ಜೊತೆ ಸವೆದಳು. ದೂರು ಬಂದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲು ತುಂಬುವುದು, ಪೋಸ್ಟರ್ ಜೋಡಿಸುವುದು, ಇಷ್ಟೇ ಅವಳ ಕೆಲಸ. ಆದರೆ ಮಗು ಕಳೆದುಕೊಂಡವರಿಗೆ ತಾನಾಗಿ ಫೋನ್ ಮಾಡಿ 'ಮನೇಲಿ ಏನಂತ ಕರೀತೀರಿ?' ಎಂದು ಕೇಳುತ್ತಿದ್ದಳು. ಶಾಲೆಯ ಹೆಸರಿಗೆ ತಿರುಗದ ಮಗು ಮನೆಯ ಹೆಸರಿಗೆ ತಿರುಗೀತು ಎಂಬುದು ಅವಳ ನಂಬಿಕೆ.

ಸಾಲುಗಳಿಗೆ ಬಣ್ಣ ಹಚ್ಚುವುದು ಅವಳೇ ಹುಟ್ಟುಹಾಕಿದ ಪದ್ಧತಿ. ಹೆಸರು ಬಂದದ್ದೂ ಅದರಿಂದಲೇ. ಮನೆ ಸೇರಿದವರಿಗೆ ಹಸಿರು. ಹೆಣವಾಗಿ ಸಿಕ್ಕವರಿಗೆ ಬೂದು. ಹಳದಿ ಅಂದರೆ, ಸಿಕ್ಕಿದ್ದಾರೆ, ಆದರೆ ಮನೆಗೆ ಹೋಗಲು ಒಲ್ಲರು, ಪೋಸ್ಟರ್ ಹಾಕಕೂಡದು.

"ಬಣ್ಣ ಬಳಿಯೋಕೂ ಸಂಬಳ ಕೊಡ್ತಾರೇನೇ? ಹಾಗಿದ್ರೆ ನಮ್ಮ ಹಿಂಬಾಗಿಲಿಗೂ ಒಂದು ಕೈ ಬಳಿ, ತುಕ್ಕು ಹಿಡೀತಿದೆ" ಎಂದು ಅತ್ತೆ ಚುಚ್ಚುತ್ತಿದ್ದರು.

"ನಿಮಗೂ ಒಂದು ಬಣ್ಣ ಇಟ್ಟಿದೀನಿ ಅತ್ತೆ, ಕಳೆದುಹೋಗಿ ನೋಡಿ" ಎಂದು ಇವಳು.

ಪೋಸ್ಟರಿನ ಆ ಚೀಲ ಹೊಲಿಯುವವಳು ಒಂದು ಮಧ್ಯಾಹ್ನ ತಾನೇ ಮೆಟ್ಟಿಲು ಹತ್ತಿ ಬಂದಿದ್ದಳು. ಬಾಗಿಲ ಹೊರಗೇ ನಿಂತು, "ಅಕ್ಕಾ, ನಾನು ಕಾಣೆಯಾಗಿಲ್ಲ. ಬಿಟ್ಟು ಬಂದಿದೀನಿ. ನನ್ನ ಹೆಸರು ತೆಗೆದುಬಿಡಿ" ಅಂದಿದ್ದಳು.

"ತೆಗೀಬೇಕಾದ್ರೆ ದೂರು ಕೊಟ್ಟವರು ಸಹಿ ಹಾಕ್ಬೇಕಮ್ಮ."

"ಕೊಟ್ಟಿರೋನೇ ಅವನಲ್ವಾ?"

"ಅದೇ ತಾಪತ್ರಯ."

ನಿಯಮ ಬರೆದವರ ತಲೆಯಲ್ಲಿ ಮನೆ ಎಂದರೆ ಸ್ವರ್ಗ, ಅಲ್ಲಿಂದ ಹೊರಟವಳು ದಾರಿ ತಪ್ಪಿದವಳೇ. ಸ್ವರ್ಗದಿಂದ ಯಾರಾದರೂ ಕಾಂಪೌಂಡು ಹಾರಿ ಓಡಿಹೋಗುತ್ತಾರೆಯೇ ಎಂದು ಅವರು ಕೇಳಿಕೊಂಡಂತಿಲ್ಲ. ಗಂಡನ ಸಹಿಯಿಲ್ಲದೆ ಪತ್ತೆಯಾದ ದಿನಾಂಕ ತುಂಬುವಂತಿರಲಿಲ್ಲ; ಸಾಲು ಹಳದಿಯಾಯಿತು. ಏನಾದರೂ ಹೆಚ್ಚುಕಮ್ಮಿಯಾದರೆ ಹುಡುಕಿಕೊಂಡು ಹೋಗಲು ಈಗಿನ ಜಾಗವನ್ನು ಎಲ್ಲಾದರೂ ಬರೆದಿಡಬೇಕಿತ್ತು. ಅದಕ್ಕೊಂದು ಕಾಲಂ ಇರಲಿಲ್ಲ. 'ಕೊನೆಯದಾಗಿ ಕಂಡ ಸ್ಥಳ' ಎಂಬಲ್ಲಿದ್ದ ಹಳೆಯದನ್ನು ಅಳಿಸಿ ಶೆಡ್ಡಿನ ವಿಳಾಸ ತುಂಬಿದಳು. ಹಳದಿಯವರೆಲ್ಲರಿಗೂ ಹಾಗೆಯೇ ಮಾಡುತ್ತ ಬಂದಿದ್ದಳು. ಒಳ್ಳೆಯ ಕೆಲಸವೆಂದೇ ತಿಳಿದಿದ್ದಳು.

ಆಮೇಲೆ ಬಂತು, ಪಟ್ಟಿಯನ್ನು ತಾನೇ ಓದಿ ತಾನೇ ಪೋಸ್ಟರ್ ಮಾಡುವ ಸಾಫ್ಟ್‌ವೇರ್. ಪತ್ತೆಯಾದ ದಿನಾಂಕ ಖಾಲಿಯಿದ್ದ ಪ್ರತಿ ಸಾಲಿಗೂ ಒಂದು ಪೋಸ್ಟರ್; ಗೋಡೆಗೂ ಹೋಗುತ್ತದೆ, ಊರಿನ ಫೋನುಗಳಿಗೂ ಹೋಗುತ್ತದೆ. ಉದ್ಘಾಟನೆಗೆ ಹಾರ ತರಿಸಿದರು, ಭಾಷಣ ಮಾಡಿದರು. ಒಂದೇ ಒಂದು ಪೋಸ್ಟರನ್ನು ಓದಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅದನ್ನು ಕೂರಿಸಲು ಬಂದ ಇಂಜಿನಿಯರು ಮಾತ್ರ ಮರ್ಯಾದೆಯಿಂದ ಕೇಳಿದ್ದ: "ಪಟ್ಟಿ ಬಗ್ಗೆ ನಾನು ತಿಳ್ಕೋಬೇಕಾದ್ದು ಬೇರೇನಾದ್ರೂ ಇದೆಯಾ ಅಕ್ಕಾ?"

"ಏನಿಲ್ಲಪ್ಪ. ಎಲ್ಲಾ ಅದರಲ್ಲೇ ಇದೆ" ಅಂದಿದ್ದಳು ಬಣ್ಣದಕ್ಕ. ಬಣ್ಣವನ್ನೂ ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಕಣ್ಣಿದ್ದವರಿಗೆ ಕಾಣುತ್ತದಲ್ಲ.

ಈಗ ಉಗುರಿನಿಂದ ಪೋಸ್ಟರ್ ಕೆರೆಯುತ್ತಲೇ ಅವನಿಗೆ ಫೋನ್ ಹಚ್ಚಿದಳು. "ಹಳದಿ ಸಾಲುಗಳನ್ನ ಯಾಕಪ್ಪ ಹಾಕಿದೆ?"

"ಯಾವ ಹಳದಿ ಅಕ್ಕಾ?"

"ಹಳದಿ ಬಣ್ಣ. ಹಾಕ್ಬಾರದು ಅಂತ ತಾನೇ ನಾನು ಬಳಿದಿರೋದು."

"ಅದು ಅಕ್ಷರ ಓದುತ್ತೆ ಅಕ್ಕಾ. ಬಣ್ಣ ಓದಲ್ಲ."

"ನಿಲ್ಲಿಸು ಹಾಗಾದ್ರೆ. ವಾಪಸ್ ತಗೋ."

"ಮುಂದಿನದ್ದು ನಿಲ್ಲಿಸ್ತೀನಿ. ಹೋಗಿರೋದನ್ನ ವಾಪಸ್ ತಗೊಳ್ಳೋಕೆ ದೂರು ಕೊಟ್ಟವರ ಒಪ್ಪಿಗೆ ಬೇಕು ಅಂತ ಸಾಹೇಬ್ರೇ ಬರೆಸಿದಾರೆ." ಅವನ ದನಿ ಇಳಿಯಿತು. "ಏನಾದ್ರೂ ತೊಂದರೆ ಆಗುತ್ತಾ ಅಕ್ಕಾ?"

ಅವಳು ಫೋನ್ ಇಟ್ಟಳು. ಕಾಗದ ಅರ್ಧವೇ ಕಿತ್ತುಬಂದಿತ್ತು. ಬಾಯಿ ಹೋಗಿತ್ತು, ಕಣ್ಣು ಗೋಡೆಯಲ್ಲೇ ಉಳಿದಿತ್ತು. ಚೀಲ ಹೊಲಿಯುವವಳ ಹತ್ತಿರ ಫೋನಿಲ್ಲ. ಫೋನಿದ್ದರೆ ಜಾಡು ಹಿಡಿಯುತ್ತಾನೆಂದು ಹೆದರಿ ಬಿಸಾಡಿದ್ದಳು. ಬಣ್ಣದಕ್ಕ ಎದುರಿಗೆ ಬಂದ ಆಟೋವನ್ನು ಅಡ್ಡಗಟ್ಟಿ ಹತ್ತಿದಳು. ದಾರಿಯುದ್ದಕ್ಕೂ, ಔಷಧಿ ಅಂಗಡಿಯ ಶಟರಿನ ಮೇಲೆ, ಕಂಬದ ಮೇಲೆ, ಶಾಲೆಯ ಗೇಟಿನ ಪಕ್ಕ ಅದೇ ಮುಖ.

ಶೆಡ್ಡಿನಲ್ಲಿ ಮೆಷಿನುಗಳು ನಿಂತಿದ್ದವು. ಹೆಂಗಸರೆಲ್ಲ ಚೀಲ ಹೊಲಿಯುವವಳನ್ನು ಸುತ್ತುವರಿದು ನಗುತ್ತಿದ್ದರು. ನಡುವೆ ಕುಳಿತವಳ ತುಟಿ ಬಿಳುಪೇರಿತ್ತು. ಶೆಡ್ಡಿನ ಯಜಮಾನಿ ದೊಡ್ಡ ಜೀವ, ಒಳ್ಳೆಯ ಮನಸ್ಸು. ಬಣ್ಣದಕ್ಕನನ್ನು ಕಂಡವಳೇ, "ನೀವೂ ಪೋಸ್ಟರ್ ನೋಡಿ ಬಂದ್ರಾ? ನೋಡಿ ಹೆಂಗಿದೆ! ಇಷ್ಟು ದಿನ ಗಂಡ ಹುಡುಕ್ತಾ ಇದಾನೆ, ಇವಳು ಬಾಯೇ ಬಿಟ್ಟಿಲ್ಲ. ನಾನೇ ಫೋನ್ ಮಾಡಿದೆ. ಪಾಪ, ಅತ್ತೇಬಿಟ್ಟ. ಇನ್ನೇನು ಬಂದುಬಿಡ್ತಾನೆ" ಅಂದಳು.

ಕ್ರೂರಿಗಳಿಂದ ಹೇಗೋ ತಪ್ಪಿಸಿಕೊಳ್ಳಬಹುದು. ಒಳ್ಳೆಯವರೆಲ್ಲ ಸೇರಿ ಹಿಡಿದುಕೊಟ್ಟರೆ ಎಲ್ಲಿಗೆ ಓಡುವುದು?

ಬಣ್ಣದಕ್ಕ ಚೀಲ ಹೊಲಿಯುವವಳ ತೋಳು ಹಿಡಿದಳು. "ಆಫೀಸಿನಿಂದ ಬಂದಿದೀನಿ. ಹೇಳಿಕೆ ಬರೆಸ್ಕೋಬೇಕು. ಇವಳನ್ನ ಕರ್ಕೊಂಡು ಹೋಗ್ತೀನಿ."

"ಅವನು ಬರೋವರೆಗೂ ಇರಲಿ ಬಿಡಿ ಅಮ್ಮ, ಏನು ಅವಸರ?"

"ಸರ್ಕಾರದ ಕೆಲಸ ಯಾರಿಗೂ ಕಾಯಲ್ಲ" ಅಂದಳು. ಜೀವಮಾನದಲ್ಲಿ ಅವಳು ಆಡಿದ ಅತಿ ದೊಡ್ಡ ಸುಳ್ಳು ಅದು. ಯಾರೂ ನಗಲಿಲ್ಲ.

ನೂಲಿನ ಮೂಟೆಗಳ ಸಂದಿಯಿಂದ ಹಿಂಬದಿಯ ಓಣಿಗೆ ಇಳಿದರು. ಮುಂಬಾಗಿಲಲ್ಲಿ ಬೈಕೊಂದು ಬಂದು ನಿಂತ ಸದ್ದಾಯಿತು. ಚೀಲ ಹೊಲಿಯುವವಳು ಕಾಲು ಕಿತ್ತಿಡಲಾರದೆ ನಿಂತುಬಿಟ್ಟಳು. "ಅವನ ಬೈಕೇ ಅಕ್ಕಾ. ಸದ್ದು ಗೊತ್ತು ನಂಗೆ." ಬಣ್ಣದಕ್ಕ ಅವಳನ್ನು ಎಳೆದುಕೊಂಡೇ ಓಣಿ ದಾಟಿ, ಹೊರಟಿದ್ದ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಎಲ್ಲಿಗೆ ಹೋಗುವ ಬಸ್ಸೆಂದು ಇಬ್ಬರೂ ನೋಡಲಿಲ್ಲ.

ಉಸಿರು ತಿರುಗುವ ಮೊದಲೇ ಪಕ್ಕದ ಸೀಟಿನ ಅಜ್ಜಿ ಫೋನನ್ನೊಮ್ಮೆ, ಚೀಲ ಹೊಲಿಯುವವಳ ಮುಖವನ್ನೊಮ್ಮೆ ನೋಡಿದರು. "ಇದರಲ್ಲಿರೋದು ನೀನೇ ತಾನೇ ಮಗಳೇ? ಎಡ ಮುಂಗೈ ಮೇಲೆ ಸುಟ್ಟ ಗಾಯದ ಗುರುತು ಅಂತ ಹಾಕಿದಾರೆ. ತಡಿ, ನಂಬರ್ ಒತ್ತುತೀನಿ. ಮನೆಯವರು ಎಷ್ಟು ಒದ್ದಾಡ್ತಿದಾರೋ."

ಚೀಲ ಹೊಲಿಯುವವಳು ತಾನೇ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿ ಮುಂಗೈ ಮುಂದೆ ಹಿಡಿದಳು. ಚರ್ಮ ಸುಕ್ಕುಗಟ್ಟಿ, ಹೊಳೆಯುತ್ತಿತ್ತು.

"ಇದು ಹೇಗಾಯ್ತು ಅಂತ ಅಲ್ಲಿ ಹಾಕಿದಾರಾ ಅಜ್ಜಿ?"

"ಇಲ್ವಲ್ಲ."

"ನೀವು ಒತ್ತುತಿರೋ ನಂಬರಿನವರನ್ನ ಕೇಳಿ. ಅವರಿಗೆ ಗೊತ್ತು."

ಅಜ್ಜಿಯ ಬೆರಳು ನಿಂತಿತು. ಆ ಕೈಯನ್ನು ತುಂಬ ಹೊತ್ತು ನೋಡಿದರು. ಫೋನನ್ನು ಆರಿಸಿ ಚೀಲದ ತಳಕ್ಕೆ ತುರುಕಿದರು. ಎದ್ದು, ಅವಳನ್ನು ಕಿಟಕಿಯ ಕಡೆಗಲ್ಲ, ತಮ್ಮ ಮತ್ತು ಬಣ್ಣದಕ್ಕನ ನಡುವೆ ಕೂರಿಸಿ, ತಮ್ಮ ಶಾಲಿನ ಅರ್ಧವನ್ನು ಅವಳ ತಲೆಗೆ ಹೊದಿಸಿದರು. "ಯಾರಾದ್ರೂ ಕೇಳಿದ್ರೆ ಹಲ್ಲುನೋವು ಅಂತ ನಾನು ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಹತ್ತುವವರ ಕೈಯಲ್ಲೆಲ್ಲ ಫೋನು. ಬಣ್ಣದಕ್ಕ ಅವರ ಮುಖಗಳನ್ನು ಗಮನಿಸುತ್ತಲೇ, ಹಳದಿಯ ಇನ್ನೊಂದು ಸಾಲನ್ನು ನೆನಪಿನಿಂದ ಕೆದಕಿ ತೆಗೆದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು, ಇಬ್ಬರು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಗಂಡನಿಂದ ಓಡಿಬಂದವಳು. ಅವಳಿಗೆ ಫೋನಿತ್ತು; ನಂಬರು ಬಣ್ಣದಕ್ಕನ ಫೋನಿನಲ್ಲೂ ಇತ್ತು. ಹಚ್ಚಿದಳು.

ರಿಂಗಾಯಿತು. ಆಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು.

"ಹಲೋ" ಅಂದಿತು ಗಂಡು ದನಿ.