ತ್ರ್ಯಂಬಕ ಮಾಸ್ತರರ ಸಂಕ್ರಾಂತಿ ಕಾರ್ಡುಗಳು

ವಿದ್ಯಾನಗರದ ನಮ್ಮ ಓಣಿಯಲ್ಲಿ ತ್ರ್ಯಂಬಕ ಮಾಸ್ತರರಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಇನ್ನೊಬ್ಬರಿಲ್ಲ. ಪಕ್ಕದ ಮನೆಯವಳಾಗಿ ಹದಿನೆಂಟು ವರ್ಷ ನೋಡಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಕೆಟ್ಟವರಲ್ಲ. ಯಾರ ಬಂಗಲೆ ಕಂಡರೂ, ಯಾರ ಮಕ್ಕಳ ಪಗಾರ ಕೇಳಿದರೂ ಅವರಿಗೆ ಏನೂ ಅನಿಸುವುದಿಲ್ಲ. ಕಾರ್ಡಿನ ಮಾತು ಬಂದರೆ ಮಾತ್ರ ಮುಖ ಗಂಟಾಗುತ್ತದೆ.

ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಪ್ರತಿ ಸಂಕ್ರಾಂತಿಗೆ ಕೈಯಾರೆ ನಲವತ್ತೆಂಟು ಕಾರ್ಡು ಮಾಡಿ ಬಂಧುಬಳಗಕ್ಕೆ, ಹಳೆಯ ಸಹೋದ್ಯೋಗಿಗಳಿಗೆ ಕಳಿಸುತ್ತಾರೆ. ಹರಿದ ಚಪ್ಪಲಿಯ ರಬ್ಬರು ಕೊರೆದು ಕಸೂತಿಯ ಗೋಪುರ, ತುಳಸಿಕಟ್ಟೆ, ಆನೆಗಳ ಅಚ್ಚು ಮಾಡಿಕೊಂಡಿದ್ದಾರೆ. ಅಚ್ಚೊತ್ತಿ, ಜಲವರ್ಣ ತುಂಬಿ, ಅಂಚಿಗೆ ಇಳಕಲ್ ಸೀರೆಯ ಚಿಂದಿ ಅಂಟಿಸುತ್ತಾರೆ. ಲಕೋಟೆಯೊಳಗೆ ಒಂದು ಚಿಟಿಕೆ ಕುಸುರೆಳ್ಳು. ಅದನ್ನು ಮಾಡುವವರು ಅವರ ಹೆಂಡತಿ ಲಕ್ಷ್ಮೀಬಾಯಿ. ನಾಲ್ಕು ದಿನ ಒಲೆಯ ಮುಂದೆ ಕೂತು, ಬಿಸಿ ಎಳ್ಳಿನ ಮೇಲೆ ಹನಿಹನಿ ಸಕ್ಕರೆ ಪಾಕ ಬಿಟ್ಟು, ಬೆರಳಿನಿಂದ ಆಡಿಸುತ್ತ ಮುಳ್ಳು ಬರಿಸುತ್ತಾರೆ.

ಕಮರಿಪೇಟೆಯ ಹಾಜರಾಬಿ, ಶಾಲೆಯಲ್ಲಿ ಮಾಸ್ತರರ ಹಳೆಯ ಶಿಷ್ಯೆ. ಬ್ಲೌಸು ಹೊಲಿಯುವವಳು, ನಾಲ್ಕು ವರ್ಷದ ಹಿಂದೆ ತಾನೂ ಕಾರ್ಡು ಮಾಡಲು ಶುರು ಮಾಡಿದಳು. "ಅಚ್ಚಿನ ಶಾಯಿ ಯಾಕ ಹರಡತೈತ್ರಿ ಸರ?" ಎಂದು ಕೇಳಲು ಬಂದಾಗ ಮಾಸ್ತರರು, "ನಿನ್ನ ಕೈ ನಡಗತಿರಬೇಕು" ಎಂದು ಸಾಗಹಾಕಿದರು. ಶಾಯಿ ಪೂರ್ತಿ ಒಣಗುವ ತನಕ ನೀರು ಮುಟ್ಟಿಸಬಾರದು ಎಂಬ ಒಂದು ಮಾತು ಹೇಳಲಿಲ್ಲ. ಇದನ್ನು ನನ್ನ ಮುಂದೆ ಜಂಬದಿಂದ ಹೇಳಿಕೊಂಡರು ಬೇರೆ. ಹಾಜರಾಬಿ ಮೊದಲು ಬಣ್ಣ ಬಳಿದು, ಒಣಗಿಸಿ, ಆಮೇಲೆ ಅಚ್ಚೊತ್ತುವುದನ್ನು ತಾನೇ ಕಂಡುಕೊಂಡಳು.

ಈ ಸಂಕ್ರಾಂತಿಗೆ ಮಾಸ್ತರರು ಎಳ್ಳು ಕೊಡಲು ಹೋದ ಮನೆಗಳಲ್ಲೆಲ್ಲ ಶೋಕೇಸಿನೊಳಗೆ ಹಾಜರಾಬಿಯ ಕಾರ್ಡು. ಇವರದು ಫ್ರಿಜ್ಜಿನ ಮೇಲೆ ಕರೆಂಟು ಬಿಲ್ಲಿನ ಕೆಳಗೆ. ಮನೆಗೆ ಮರಳಿದ ಮಾಸ್ತರರು ಚಹಾ ಸಹ ಮುಟ್ಟಲಿಲ್ಲ. ಕುಸುರೆಳ್ಳು ಒಯ್ಯಲು ಬಂದ ನಾನು ಅಲ್ಲೇ ಇದ್ದೆ.

"ಊರ ತುಂಬ ಆಕಿದಽ. ನಮ್ಮ ಮನಿ ಒಂದಽ ಉಳದದ" ಎನ್ನುತ್ತ ಶಾಲು ಇಡಲು ಕಪಾಟಿನ ಬಾಗಿಲು ಎಳೆದರು. ಸೀರೆಗಳ ನಡುವಿನಿಂದ ನಾಲ್ಕು ಲಕೋಟೆ ಜಾರಿಬಿದ್ದವು. ಎಲ್ಲದರ ಮೇಲೂ ಹಾಜರಾಬಿಯ ಅಕ್ಷರ: ಲಕ್ಷ್ಮೀಬಾಯಿಯವರಿಗೆ.

"ನಾಕು ವರ್ಷದಿಂದ ಮುಚ್ಚಿಟ್ಟೀಯೇನು?"

"ನಿಮಗ ತ್ರಾಸ ಆಗ್ತದಂತ ಒಳಗಿಟ್ಟಿದ್ದೆ" ಎಂದರು ಲಕ್ಷ್ಮೀಬಾಯಿ. "ನನಗ ನಿಮ್ಮದೊಂದು ಬಂದಿದ್ರ ಹೊರಗ ಇಡತಿದ್ದೆ."

"ಮನ್ಯಾಗ ಇದ್ದವರಿಗೆ ಯಾರರೆ ಕಾರ್ಡು ಕಳಸ್ತಾರೇನು?"

ಲಕ್ಷ್ಮೀಬಾಯಿ ಬಗ್ಗಿ ಲಕೋಟೆಗಳನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಮಾಸ್ತರರ ದನಿ ಇಳಿಯಿತು.

"ಒಳಗ ಏನ ಬರದಾಳ?"

"ಅದು ನನಗ ಬರದದ್ದು."

ಮಾಸ್ತರರ ಮುಖ ನೋಡಿದೆ. ಶೋಕೇಸುಗಳ ಉರಿ ಎಲ್ಲಿಯೋ ಹೋಗಿತ್ತು, ಇದು ಬೇರೆಯೇ ಉರಿ. ತಮ್ಮ ಹೆಂಡತಿಗೆ ಬೇರೆಯವರು ಏನೋ ಹೇಳಿದ್ದಾರೆ, ಅದೇನೆಂದು ಇವರಿಗೆ ಗೊತ್ತಿಲ್ಲ. ನನಗೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನನ್ನ ಹೆಸರು ಬರೆದ ಲಕೋಟೆ ಮದುವೆಯಾದ ಮೇಲೆ ಬ್ಯಾಂಕಿನಿಂದ ಮಾತ್ರ ಬಂದಿದೆ.

ಮೂರು ದಿನ ಮಾಸ್ತರರು ಹೊರಗೆ ಕಾಣಲಿಲ್ಲ. ನಾಲ್ಕನೆಯ ದಿನ ಲಕ್ಷ್ಮೀಬಾಯಿ ಸಂತೆಗೆ ಹೋದದ್ದೇ ತಡ, ಕಾಂಪೌಂಡಿನ ಮೇಲಿಂದ ನನ್ನನ್ನು ಮನೆಯೊಳಗೆ ಕರೆದರು. ಕೈಯಲ್ಲೊಂದು ಕಾರ್ಡು. ತಿಳಿನೀಲಿ ಬಣ್ಣದ ಮೇಲೆ ಹೊಸದಾಗಿ ಕೊರೆದ ಅಚ್ಚು, ಒಲೆಯ ಮುಂದೆ ಕೂತ ಹೆಂಗಸು. ಗೆರೆ ಎಲ್ಲೂ ಹರಡಿರಲಿಲ್ಲ.

"ಆಕಿದಕ್ಕಿಂತ ಛಲೋ ಆಗೇದಿಲ್ಲೋ?"

"ಖರೇ ಹೇಳತೇನ್ರಿ, ಛಲೋ ಆಗೇದ" ಎಂದೆ. ಬಿಡಿಸಿ ನೋಡಿದರೆ ಒಳಗೆ ಖಾಲಿ. ಅವರ ಮೇಜಿನ ಕೆಳಗೆ ಹರಿದೆಸೆದ ಚೀಟಿಗಳ ರಾಶಿ ಬಿದ್ದಿತ್ತು.

"ಬ್ಯಾರೇದವರಿಗೆ ಲಗೂ ಬರದು ಮುಗಸತಿದ್ದೆ" ಎಂದರು ಮಾಸ್ತರರು. "ಇಕಿಗೆ ಏನ ಬರೀಬೇಕಂತ ತಿಳೀವಲ್ತು ನೋಡ್ರಿ."