ಹಲಗೇರಿ ವ್ಯಾನಿನ ಸುದ್ದಿ

ಬ್ಯಾಡಗಿಯ ಮೆಣಸಿನಕಾಯಿ ಧಾರಣೆ, ರಾಣೆಬೆನ್ನೂರಿನ ಕಂಪನಿ ನಾಟಕ, ಕೋರ್ಟು, ಕುಸ್ತಿ, ಸಾವಿನ ಸುದ್ದಿ, ಕೃಷಿ ಅಂಕಣ: ನಾನು ಬರೆಯದೇ ಬಿಟ್ಟದ್ದೇನೂ ಇಲ್ಲ. ಜ್ಯೋತಿಷಿಗೆ ಜ್ವರ ಬಂದಾಗ ರಾಶಿ ಭವಿಷ್ಯವನ್ನೂ ಬರೆದಿದ್ದೇನೆ. ಇಷ್ಟೆಲ್ಲ ಬರೆದವನನ್ನು ಓಡಾಡಿಸಿದ್ದು ಹೋದ ವರ್ಷದ ಒಂದು ತುಣುಕು ಅಪಘಾತದ ಸುದ್ದಿ.

ನಮ್ಮ ಕಡೆ ವರದಿಗಾರರಲ್ಲಿ ಒಂದು ಪದ್ಧತಿಯಿದೆ. ಒಬ್ಬ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾನೆ. ಉಳಿದವರು ಅದನ್ನೇ ತಮ್ಮ ತಮ್ಮ ಪತ್ರಿಕೆಗೆ ಸಾಗಹಾಕುತ್ತಾರೆ. ನನಗೆ ಮೈ ಉರಿಯುತ್ತದೆ. ಆ ಸಂಜೆ ಹಲಗೇರಿ ಬಳಿ ಶಾಲೆಯ ವ್ಯಾನೊಂದು ರಸ್ತೆ ಬಿಟ್ಟು ಹೊಲಕ್ಕೆ ಇಳಿದಿತ್ತು. ಪುಣ್ಯಕ್ಕೆ ಮಕ್ಕಳಿಗೇನೂ ಆಗಿರಲಿಲ್ಲ. ಗುಂಪಿಗೆ ಬಂದ ಸುದ್ದಿಯಲ್ಲಿ ಚಾಲಕ ‘ಕುಡಿದ ಅಮಲಿನಲ್ಲಿ’ ಇದ್ದನೆಂದಿತ್ತು. ಬರೆದವನಿಗೆ ಫೋನ್ ಮಾಡಿ, “ಯಾರ್ ಹೇಳ್ಯಾರೋ ನಿನಗ?” ಎಂದೆ.

“ಮಾತು ತೊದಲಾಕತ್ತಿದ್ನಂತರಿ. ಮತ್ತೇನಿರತೈತಿ?”

ಚಾಲಕನನ್ನು ಸೇರಿಸಿದ್ದ ಹಾವೇರಿಯ ಆಸ್ಪತ್ರೆಗೆ ಓಡಿದೆ. ರಕ್ತದಲ್ಲಿ ಸಕ್ಕರೆ ಪೂರಾ ಇಳಿದಿತ್ತು, ಹೆಂಡದ ಸುಳಿವೇ ಇಲ್ಲ ಎಂದರು ವೈದ್ಯರು. ಹೊರಗೆ ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

“ನಮ್ಮನಿಯವ್ರು ಒಂದು ಹನಿ ಮುಟ್ಟಿಲ್ಲರಿ. ಪೇಪರಿನ್ಯಾಗ ಕುಡದಿದ್ದ ಅಂತ ಬಂದ್ರ ಆ ಮಕ್ಕಳ ಅವ್ವಂದಿರಿಗೆ ಹೆಂಗ ಮಾರಿ ತೋರಸೂದ್ರಿ?”

“ಬರಂಗಿಲ್ಲವ್ವಾ. ನಾ ಅದೀನಿ,” ಎಂದುಬಿಟ್ಟೆ.

ಅಚ್ಚಿಗೆ ಕಳಿಸಲು ಪುಟ ಕಟ್ಟುವ ಹೊತ್ತು ಹತ್ತಿರವಾಗುತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಳಿತು ವರದಿಗಾರರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಒಬ್ಬ ಎತ್ತಲೇ ಇಲ್ಲ. ಮತ್ತೆ ಮತ್ತೆ ಹಚ್ಚಿದೆ. ಇನ್ನೊಬ್ಬ, “ಕಳಿಸಿ ಆತಲ್ರಿ, ಈಗೇನ್ ಮಾಡೂದು?” ಎಂದ.

“ಲಗೂ ಫೋನ್ ಮಾಡಿ ತೆಗಸೋ ಮಾರಾಯಾ! ಇಲ್ಲಾಂದ್ರ ನಿನ್ನ ಮನಿ ಮುಂದ ಬಂದು ಕುಂದ್ರತೇನಿ ನೋಡು!”

ಎತ್ತದೇ ಇದ್ದವನೂ ಕೊನೆಗೆ ಸಿಕ್ಕಿ “ತೆಗಸೇನ್ರಿ” ಎಂದ ಮೇಲೆಯೇ ನಾನು ನನ್ನ ಸುದ್ದಿಯನ್ನು, ವೈದ್ಯರು ಹೇಳಿದ ಸಕ್ಕರೆಯ ಮಾತಿನ ಸಮೇತ, ಹೆಂಡದ ಹೆಸರನ್ನೇ ಎತ್ತದೆ, ಬರೆದು ಕಳಿಸಿದ್ದು.

ಬೆಳಿಗ್ಗೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಎಲ್ಲ ಪತ್ರಿಕೆಗಳನ್ನೂ ಕೊಂಡೆ. ಬಿಡಿಸಿದ ಒಂದರಲ್ಲೂ ಆ ಮಾತಿರಲಿಲ್ಲ. ಗೆದ್ದೆ ಎಂದುಕೊಂಡು, ನಾನು ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡ ನಮ್ಮ ಪತ್ರಿಕೆಯನ್ನು ಕಡೆಗೆ ಬಿಡಿಸಿದೆ. ‘ಕುಡಿದ ಅಮಲಿನಲ್ಲಿ’ ಎಂದು ತಲೆಬರಹದಲ್ಲೇ ಇತ್ತು.

ಫೋನ್ ಮಾಡಿದರೆ ಹುಬ್ಬಳ್ಳಿ ಕಚೇರಿಯ ಉಪಸಂಪಾದಕ ವಿನಯದಿಂದಲೇ ಹೇಳಿದ: “ರಾತ್ರಿ ಬ್ಯಾರೆ ಪೇಪರಿನ ವೆಬ್‌ಸೈಟಿನ್ಯಾಗ ಹಂಗ ಬಂದಿತ್ತರಿ ಸರ್. ಪಾಪ, ವಯಸ್ಸಾಗೈತಿ, ಮುಖ್ಯ ವಿಷಯನ ಬಿಟ್ಟಾರ ಅಂತ ನಾನ ಸೇರಿಸೀನಿ.”

ಮನೆಗೆ ಬಂದರೆ ಚಾಲಕನ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳೂ ಎಲ್ಲ ಪತ್ರಿಕೆಗಳನ್ನು ಕೊಂಡು ತಂದಿದ್ದಳು.

“ಉಳದವ್ರು ಯಾರೂ ಬರದಿಲ್ಲರಿ,” ಎಂದಳು. “ನೀವೊಬ್ರ ಬರದೀರಿ.”